‘ಫಿಸಿಯೋ ಮಾಡಿಸಿ’ ಅಂದರು, ಆದರೆ ಯಾರ ಹತ್ತಿರ?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 66 ವರ್ಷ. ಮೂರು ವಾರದ ಹಿಂದೆ ಬಲ ಮಂಡಿ ಬದಲಿಸುವ ಆಪರೇಷನ್ ಆಯಿತು. ಡಿಸ್ಚಾರ್ಜ್ ಕಾಗದದಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಅಂತ ಒಂದೇ ಸಾಲು ಇತ್ತು. ಪರಿಚಯದವರು ಹೇಳಿದ ಒಬ್ಬರು ದಿನಾ ಮನೆಗೆ ಬರುತ್ತಾರೆ. ಇಪ್ಪತ್ತು ನಿಮಿಷ ಮೆಷಿನ್ ಹಚ್ಚುತ್ತಾರೆ, ಕಾಲನ್ನು ನಾಲ್ಕು ಸಲ ಮಡಿಸಿ ಹೋಗುತ್ತಾರೆ. ಅಮ್ಮನಿಗೆ ಮರಾಠಿ, ಹಿಂದಿ ಅಷ್ಟಾಗಿ ಬರುವುದಿಲ್ಲ. ಊರಿನಿಂದ ಬಂದಿರುವ ದೊಡ್ಡಮ್ಮ ‘ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿಸಿ, ಸರಿಹೋಗುತ್ತೆ’ ಅನ್ನುತ್ತಾರೆ. ಒಳ್ಳೆಯ ಫಿಸಿಯೋ ಯಾರು ಅಂತ ಗುರುತಿಸುವುದು ಹೇಗೆ? ಅವರು ಮಾಡಬೇಕಾದ ಕೆಲಸವಾದರೂ ಏನು?

ಉತ್ತರ: ಎಣ್ಣೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದಕ್ಕೆ ಆತುರ ಇದೆ. ದಯವಿಟ್ಟು ಆ ಕಾಲನ್ನು ತಿಕ್ಕಿಸಬೇಡಿ. ಮಂಡಿ ಆಪರೇಷನ್ ಆದ ಮೊದಲ ವಾರಗಳಲ್ಲಿ ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಹಾಗೆ ಹೆಪ್ಪುಗಟ್ಟಿದ್ದಾಗ ಜೋರಾಗಿ ತಿಕ್ಕಿದರೆ ಆ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಅದು ಜೀವಕ್ಕೇ ಅಪಾಯ. ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅವತ್ತೇ ಸರ್ಜನ್‌ಗೆ ತಿಳಿಸಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಯಾರನ್ನೂ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ದೊಡ್ಡಮ್ಮನಿಗೆ ಬೇಸರ ಮಾಡಬೇಡಿ. ಅಮ್ಮನ ಬೆನ್ನಿಗೆ, ಕೈಗಳಿಗೆ ಅವರು ಎಣ್ಣೆ ಹಚ್ಚಲಿ. ತಂಗಿಯ ನೋವು ನೋಡಿ ಸುಮ್ನೆ ಕೂರಲು ಯಾರಿಗಾದರೂ ಆಗುತ್ತದೆಯೇ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಮುಂಬಯಿಯಲ್ಲೇ ಫಿಸಿಯೋಥೆರಪಿ ಕಲಿತವಳು, ಇಲ್ಲೇ ಕೆಲಸ ಮಾಡುತ್ತಿರುವವಳು. ಆದರೆ ಫಿಸಿಯೋ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಸೇರುವುದಕ್ಕೂ ಮೊದಲೇ, ನಮ್ಮ ಅಪ್ಪನಿಂದ.

ಅಪ್ಪ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಒಂದು ಮಳೆಗಾಲ ಸ್ಟೇಷನ್ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಒಂದು ನರ್ಸಿಂಗ್ ಹೋಮಿನಲ್ಲಿ ಪ್ಲಾಸ್ಟರ್ ಹಾಕಿದರು. ಆರು ವಾರ ಕೈ ಜೋಲಿಯಲ್ಲೇ ಇತ್ತು. ಪ್ಲಾಸ್ಟರ್ ಇದ್ದಾಗಲೂ ಬೆರಳು ಆಡಿಸುತ್ತಿರಬೇಕು, ಭುಜ ಎತ್ತುತ್ತಿರಬೇಕು ಅಂತ ಒಬ್ಬರೂ ಹೇಳಲಿಲ್ಲ. ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು. ಎಕ್ಸ್‌ರೇ ನೋಡಿ ‘ಚೆನ್ನಾಗಿದೆ’ ಅಂದರು. ಆದರೆ ಕೈ ಮರದ ಕೊರಡಿನ ಹಾಗಿತ್ತು. ಮುಷ್ಟಿ ಮುಚ್ಚುತ್ತಿರಲಿಲ್ಲ, ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ. ಕಾವಲಿಯ ಮೇಲೆ ಹಿಟ್ಟು ಹೊಯ್ದು ಸೌಟನ್ನು ದುಂಡಗೆ ತಿರುಗಿಸಬೇಕಲ್ಲ, ಅದು ಆಗುತ್ತಿರಲಿಲ್ಲ. ಆ ಎರಡು ತಿಂಗಳು ನಮ್ಮ ಮನೆ ಹೇಗೆ ನಡೆಯಿತು ಅಂತ ನನಗೆ ಇವತ್ತಿಗೂ ನೆನಪಿದೆ.

ಕೊನೆಗೆ ಯಾರೋ ಹೇಳಿ ಮಹಾನಗರಪಾಲಿಕೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಫಿಸಿಯೋ ಮೇಡಂ ಅಪ್ಪನ ಕೈ ಮುಟ್ಟುವ ಮೊದಲು ಕೇಳಿದ್ದು ‘ಕೆಲಸ ಏನು ಮಾಡ್ತೀರಿ?’ ಅಂತ. ಆಮೇಲೆ ಒಂದು ಅಳತೆಯ ಸಾಧನ ತೆಗೆದು ಮಣಿಕಟ್ಟು ಎಷ್ಟು ಬಾಗುತ್ತದೆ, ಎಷ್ಟು ತಿರುಗುತ್ತದೆ ಅಂತ ಬರೆದುಕೊಂಡರು. ಮರುದಿನ ಮನೆಯಿಂದ ಸೌಟು ತರಲು ಹೇಳಿದರು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಸೌಟು ಹಿಡಿದು, ನಿಧಾನವಾಗಿ ಅಂಗೈ ಮೇಲೆ, ಅಂಗೈ ಕೆಳಗೆ. ಸೌಟಿನ ತಲೆಯ ಭಾರವೇ ಕೈಯನ್ನು ತಿರುಗಿಸಲು ಸಹಾಯ ಮಾಡುತ್ತದೆ. ದಿನಕ್ಕೆ ಇಷ್ಟು ಸಲ ಅಂತ ಲೆಕ್ಕ ಕೊಟ್ಟರು. ಅಪ್ಪ ಮತ್ತೆ ಕಾವಲಿಯ ಮುಂದೆ ನಿಂತರು.

ಫಿಸಿಯೋ ಮಾಡುವುದು ಇದನ್ನೇ. ಮೂಳೆ ಕೂಡಿಸುವುದು, ಕೀಲು ಬದಲಿಸುವುದು ಸರ್ಜನ್ ಕೆಲಸ. ಆ ಕೈಕಾಲು ಮತ್ತೆ ನಿಮ್ಮ ಬದುಕಿಗೆ ಉಪಯೋಗಕ್ಕೆ ಬರುವ ಹಾಗೆ ಮಾಡುವುದು ಫಿಸಿಯೋ ಕೆಲಸ. ಅದಕ್ಕೆ ಮೊದಲು ಪರೀಕ್ಷೆ ಮಾಡಬೇಕು, ಅಳೆಯಬೇಕು. ಹಾಗಾಗಿ ಒಳ್ಳೆಯ ಫಿಸಿಯೋ ಮೊದಲ ದಿನವೇ ಗೊತ್ತಾಗುತ್ತಾರೆ.

ಮೊದಲ ಭೇಟಿಯಲ್ಲಿ ಅವರು ಕೂತು ಮಾತಾಡಬೇಕು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದಾರಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಕೇಳಬೇಕು. ಡಿಸ್ಚಾರ್ಜ್ ಕಾಗದ ಓದಬೇಕು. ಆಮೇಲೆ ಗೋನಿಯೋಮೀಟರ್ ತೆಗೆಯಬೇಕು. ಶಾಲೆಯ ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ಎರಡು ತೋಳು ಜೋಡಿಸಿದ ಹಾಗಿರುತ್ತದೆ ಅದು. ಅದರಿಂದ ಮಂಡಿ ಎಷ್ಟು ಡಿಗ್ರಿ ಮಡಿಯುತ್ತದೆ, ಎಷ್ಟು ನೆಟ್ಟಗಾಗುತ್ತದೆ ಅಂತ ನೋಡುತ್ತಾರೆ. ಸ್ನಾಯುವಿನ ಶಕ್ತಿಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಭೂಮಿಯ ಸೆಳೆತದ ವಿರುದ್ಧ ತಾನಾಗಿ ಎತ್ತಲು ಆದರೆ 3. ನೋವನ್ನು 0ಯಿಂದ 10ರ ಲೆಕ್ಕದಲ್ಲಿ ಕೇಳುತ್ತಾರೆ. ನಡೆಸಿ ನೋಡುತ್ತಾರೆ. ಇಷ್ಟನ್ನೂ ಬರೆದಿಡುತ್ತಾರೆ. ಬರೆದಿಡದಿದ್ದರೆ ಹತ್ತು ದಿನದ ನಂತರ ಸುಧಾರಿಸಿದೆಯೋ ಇಲ್ಲವೋ ಅಂತ ಹೇಳುವುದು ಹೇಗೆ?

ಡಿಗ್ರಿ ಲೆಕ್ಕ ಬರೀ ಕಾಗದದ್ದಲ್ಲ. ಸಮತಟ್ಟು ನೆಲದ ಮೇಲೆ ನಡೆಯಲು ಮಂಡಿ ಸುಮಾರು 65 ಡಿಗ್ರಿ ಮಡಿದರೆ ಸಾಕು. ಮೆಟ್ಟಿಲು ಹತ್ತಿ ಇಳಿಯಲು 90ರ ಆಸುಪಾಸು ಬೇಕು. ಕುರ್ಚಿಯಿಂದ ಕೈ ಊರದೆ ಏಳಲು 90ರಿಂದ 105 ಬೇಕು. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತದೆ ನಿಮ್ಮ ಅಮ್ಮ ಎಲ್ಲಿಗೂ ಹೋಗಲಾರರು, ಅಲ್ವಾ? ಹಾಗಾದರೆ ನಿಮ್ಮ ಗುರಿ ಆ ಸೇತುವೆ. ಅದನ್ನು ಫಿಸಿಯೋಗೆ ಮೊದಲೇ ಹೇಳಿ.

ಮಡಿಸುವುದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ನೆಟ್ಟಗೆ ಮಾಡುವುದನ್ನು ಮರೆಯುತ್ತಾರೆ. ಮಂಡಿ ಪೂರ್ತಿ ನೆಟ್ಟಗಾಗದಿದ್ದರೆ ಪ್ರತಿ ಹೆಜ್ಜೆಗೂ ಕುಂಟು, ತೊಡೆಗೆ ಸುಸ್ತು. ನಾನು ಹೋಗುವ ಹತ್ತು ಮನೆಗಳಲ್ಲಿ ಏಳರಲ್ಲಾದರೂ ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟಿರುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ. ಆ ಕ್ಷಣಕ್ಕೆ ಹಿತವಾಗಿಯೂ ಇರುತ್ತದೆ. ಆದರೆ ಮಂಡಿ ಹಾಗೇ ಬಾಗಿಕೊಂಡು ಗಟ್ಟಿಯಾಗಿಬಿಡುತ್ತದೆ. ದಿಂಬು ತೆಗೆಯಿರಿ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ. ಮಂಡಿ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯಲಿ.

ಇನ್ನು ಆ ಮೆಷಿನ್. ನೀವು ಬರೆದಿರುವುದು ನೋಡಿದರೆ ಅದು ಐಎಫ್‌ಟಿ ಅಥವಾ ಟೆನ್ಸ್ ಇರಬೇಕು, ಎರಡೂ ಚರ್ಮದ ಮೇಲಿಂದ ಸಣ್ಣ ಕರೆಂಟ್ ಹಾಯಿಸುವ ಮೆಷಿನ್. ಪ್ಯಾಡ್ ಅಂಟಿಸಿದರೆ ಜುಮುಜುಮು ಅನ್ನುತ್ತದೆ, ಸ್ವಲ್ಪ ಹೊತ್ತು ನೋವು ಕಡಿಮೆ ಅನ್ನಿಸಬಹುದು. ಅಷ್ಟೇ ಅದರ ಕೆಲಸ. ಮಂಡಿ ಮಡಿಯುವುದು ಅದರಿಂದ ಅಲ್ಲ, ತೊಡೆಗೆ ಶಕ್ತಿ ಬರುವುದೂ ಅದರಿಂದ ಅಲ್ಲ. ಕೀಲು ಸವೆತದ ಬಗ್ಗೆ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯಂತೂ ಟೆನ್ಸ್, ಐಎಫ್‌ಟಿ, ಅಲ್ಟ್ರಾಸೌಂಡ್ ಥೆರಪಿ ಕೊಡಲೇಬೇಡಿ ಅನ್ನುತ್ತದೆ, ಪ್ರಯೋಜನಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ. ಅದೇ ಮಾರ್ಗಸೂಚಿ ವ್ಯಾಯಾಮವನ್ನು ಎಲ್ಲರಿಗೂ ಹೇಳುತ್ತದೆ. ಅಮ್ಮನದು ಸವೆತದ ಹಂತ ದಾಟಿ ಆಪರೇಷನ್ ಆದ ಮಂಡಿ, ನಿಜ. ಆದರೂ ಇಡೀ ಸಮಯ ಮೆಷಿನ್ನಿಗೇ ಹೋದರೆ ನೀವು ಕೊಡುತ್ತಿರುವ ದುಡ್ಡು ಕರೆಂಟಿಗೆ ಹೋಗುತ್ತಿದೆ ಅಂತಲೇ ಅರ್ಥ. ಒಂದು ಎಚ್ಚರಿಕೆಯೂ ಇದೆ. ಶಾರ್ಟ್‌ವೇವ್ ಡಯಾಥರ್ಮಿ ಅನ್ನುವ ಶಾಖದ ಮೆಷಿನ್ ಅನ್ನು ಒಳಗೆ ಲೋಹ ಇರುವ ಜಾಗಕ್ಕೆ ಹಚ್ಚಲೇಬಾರದು. ಅಮ್ಮನ ಮಂಡಿಯಲ್ಲಿ ಈಗ ಲೋಹ ಇದೆ. ಪೇಸ್‌ಮೇಕರ್ ಇರುವವರಿಗೆ ಹೃದಯದ ಡಾಕ್ಟರನ್ನು ಕೇಳದೆ ಕರೆಂಟಿನ ಮೆಷಿನ್ ಹಚ್ಚಬಾರದು. ಏನನ್ನೂ ಕೇಳದೆ ಪ್ಯಾಡ್ ಅಂಟಿಸುವವರ ಕೈಗೆ ಕಾಲು ಕೊಡಬೇಡಿ.

ಹುಡುಕುವುದು ಹೇಗೆ? ಮೊದಲು ಓದು ಮತ್ತು ನೋಂದಣಿ ಕೇಳಿ. ಬಿಪಿಟಿ ಅನ್ನುವುದು ಫಿಸಿಯೋಥೆರಪಿಯ ಡಿಗ್ರಿ, ಇದುವರೆಗೆ ನಾಲ್ಕೂವರೆ ವರ್ಷದ್ದು, ಅದರಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಎಂಪಿಟಿ ಅಂದರೆ ಅದರ ಮೇಲೆ ಎರಡು ವರ್ಷ, ಮೂಳೆ-ಕೀಲು, ನರ, ಹೃದಯ-ಶ್ವಾಸಕೋಶ ಹೀಗೆ ಒಂದು ವಿಭಾಗದಲ್ಲಿ. ಮಹಾರಾಷ್ಟ್ರದಲ್ಲಿ ಫಿಸಿಯೋಗಳಿಗೆ ರಾಜ್ಯದ್ದೇ ಕೌನ್ಸಿಲ್ ಇದೆ, ಓಟಿ-ಪಿಟಿ (ಆಕ್ಯುಪೇಷನಲ್ ಥೆರಪಿ-ಫಿಸಿಯೋಥೆರಪಿ) ಕೌನ್ಸಿಲ್ ಅನ್ನುತ್ತಾರೆ. ಅದರ ರಿಜಿಸ್ಟ್ರೇಷನ್ ನಂಬರ್ ಕೇಳಿ. ಕೇಳಲು ಸಂಕೋಚ ಬೇಡ, ಸರಿಯಾಗಿ ಓದಿದವರು ಸಂತೋಷದಿಂದ ಹೇಳುತ್ತಾರೆ. ಕೆಲವು ತಿಂಗಳ ಸರ್ಟಿಫಿಕೇಟ್ ಮಾಡಿಕೊಂಡು, ಮಾಲೀಶು ಕಲಿತು ಬ್ಯಾಗ್ ಹಿಡಿದು ಮನೆಮನೆಗೆ ಹೋಗುವವರೂ ಈ ಊರಲ್ಲಿ ಇದ್ದಾರೆ. ಬಡತನಕ್ಕೆ ದುಡಿಯುತ್ತಿರಬಹುದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಪರೇಷನ್ ಆದ ಮಂಡಿ ಅವರ ಕೈಗೆ ಸಿಗಬಾರದು. ಮೂವತ್ತು ಸಿಟ್ಟಿಂಗಿನ ದುಡ್ಡನ್ನು ಮೊದಲೇ ಕೊಡಿ ಅನ್ನುವವರಿಗೂ ಒಪ್ಪಬೇಡಿ. ನೋಡದ ಕಾಲಿಗೆ ಎಷ್ಟು ಸಿಟ್ಟಿಂಗ್ ಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮುಂಬಯಿಯವರಿಗೆ ಒಂದು ಭಾಗ್ಯ ಇದೆ, ಅದನ್ನು ನಮ್ಮವರು ಜಾಸ್ತಿ ಬಳಸಿಕೊಳ್ಳುವುದಿಲ್ಲ. ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಗಿದ್ದೇ ಇಲ್ಲಿ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ, 1950ರ ದಶಕದ ಮೊದಲ ವರ್ಷಗಳಲ್ಲಿ. ಪೋಲಿಯೋ ಮಕ್ಕಳ ಕಾಲು ಕಸಿಯುತ್ತಿದ್ದ ಕಾಲ ಅದು. 1955ರಲ್ಲಿ ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಬಂತು. ಮಹಾಲಕ್ಷ್ಮಿ ಸ್ಟೇಷನ್ನಿನಿಂದ ಹತ್ತಿರ. ಸಾಯನ್, ನಾಯರ್ ಆಸ್ಪತ್ರೆಗಳಲ್ಲೂ ಫಿಸಿಯೋ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಅಂದರೆ ರೋಗಿಯ ಹೆಸರಿನ ಚೀಟಿ, ಮಾಡಿಸಬೇಕು, ಸಾಲಿನಲ್ಲಿ ಕಾಯಬೇಕು. ಖರ್ಚು ಮಾತ್ರ ತೀರಾ ಕಡಿಮೆ. ಅಲ್ಲಿ ಕಲಿಯುವ ಮಕ್ಕಳು ಪರೀಕ್ಷೆ ಮಾಡುತ್ತಾರೆ, ಅವರ ಹಿಂದೆ ಅನುಭವದ ಮೇಷ್ಟ್ರು ನಿಂತಿರುತ್ತಾರೆ. ಹಾಗಾಗಿ ಪರೀಕ್ಷೆ ಅಚ್ಚುಕಟ್ಟಾಗಿ ಆಗುತ್ತದೆ.

ಈಗ ಮೂರನೇ ವಾರದಲ್ಲಿ ಡೊಂಬಿವಲಿಯಿಂದ ಲೋಕಲ್ ಟ್ರೈನಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ. ಇನ್ನೂ ಕೆಲವು ವಾರ ಫಿಸಿಯೋನೇ ಮನೆಗೆ ಬರಲಿ. ಆಪರೇಷನ್ ಆದ ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ಫೋನ್ ಮಾಡಿ, ನಿಮ್ಮ ಕಡೆ ಮನೆಗೆ ಬರುವವರು ಯಾರಿದ್ದಾರೆ ಅಂತ ಕೇಳಿ. ಸರ್ಜನ್ ಜೊತೆ ಮಾತಾಡಬಲ್ಲವರು ಸಿಗುವುದು ಹಾಗೆ. ನಡಿಗೆ ಸ್ವಲ್ಪ ಗಟ್ಟಿಯಾದ ಮೇಲೆ ಹತ್ತಿರದ ಕ್ಲಿನಿಕ್ಕಿಗೆ ಹೋಗಲಿ. ಮನೆಯಿಂದ ಹೊರಗೆ ಕಾಲಿಡುವುದೇ ಒಂದು ಚಿಕಿತ್ಸೆ.

ಭಾಷೆಯ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದು ದೊಡ್ಡದು ಅನ್ನಿಸಿತು. ನೋವಿಗೆ ನಮ್ಮಲ್ಲಿ ಎಷ್ಟು ಮಾತು ಇವೆ ನೋಡಿ. ಸೆಳೆತ, ಜೋಮು, ಉರಿ, ಸಿಡಿತ, ಚುಚ್ಚುವುದು, ಹಿಡಿದುಕೊಳ್ಳುವುದು. ಒಂದೊಂದೂ ಒಂದೊಂದು ಸುಳಿವು ಕೊಡುತ್ತದೆ. ಮಡಿಸುವಾಗ ಹಿಡಿದುಕೊಂಡ ಹಾಗಾದರೆ ಅದು ಸ್ನಾಯು, ಕೀಲಿನ ಬಿಗಿತ ಇರಬಹುದು. ಪಾದದವರೆಗೆ ಜೋಮು ಹರಿದರೆ ನರದ ಕಡೆ ನೋಡಬೇಕು. ಹಗಲೂ ರಾತ್ರಿ ಸಿಡಿಯುತ್ತಿದ್ದು, ಗಾಯ ಕೆಂಪಾಗಿ ಜ್ವರ ಬಂದರೆ ಸೋಂಕಿನ ಅನುಮಾನ ಪಡಬೇಕು, ಸರ್ಜನ್‌ಗೆ ಹೇಳಬೇಕು. ಹಿಂದಿ ಬಾರದ ತಾಯಂದಿರು ಎಲ್ಲದಕ್ಕೂ ‘ದರ್ದ್’ ಅಂದುಬಿಡುತ್ತಾರೆ. ಫಿಸಿಯೋಗೆ ಏನೂ ಗೊತ್ತಾಗುವುದಿಲ್ಲ. ಕನ್ನಡ ಬಲ್ಲ ಫಿಸಿಯೋ ಸಿಕ್ಕರೆ ಸಂತೋಷ. ನಿಮ್ಮ ಹತ್ತಿರದ ಕರ್ನಾಟಕ ಸಂಘದಲ್ಲಿ ಕೇಳಿ ನೋಡಿ, ನಮ್ಮ ಮಕ್ಕಳು ಈ ಓದಿಗೆ ಬಂದಿದ್ದಾರೆ. ಸಿಗದಿದ್ದರೂ ಚಿಂತೆ ಇಲ್ಲ. ಮೊದಲ ಎರಡು ಮೂರು ಸಲ ನೀವೇ ಪಕ್ಕದಲ್ಲಿದ್ದು ಹೇಳಿಕೊಡಿ. ಜೋಮಿಗೆ ಮರಾಠಿಯಲ್ಲಿ ‘ಮುಂಗ್ಯಾ ಯೇತಾತ್’ ಅನ್ನುತ್ತಾರೆ, ಇರುವೆ ಹರಿದ ಹಾಗೆ ಅಂತ. ಸಿಡಿತಕ್ಕೆ ‘ಠಣಕಾ’. ಈ ಎರಡು ಮಾತು ಅಮ್ಮನಿಗೆ ಕಲಿಸಿ. ‘ಥಾಂಬಾ’ ಅಂದರೆ ನಿಲ್ಲಿಸಿ ಅಂತ, ಅದನ್ನೂ ಕಲಿಸಿ. ಅಮ್ಮ ನಿಲ್ಲಿಸಿ ಅಂದಾಗ ಫಿಸಿಯೋ ಕೈ ನಿಲ್ಲಬೇಕು.

ಹಾಗಂತ ನೋವೇ ಇರಬಾರದು ಅಂತಲ್ಲ. ಮಂಡಿ ಮಡಿಸುವಾಗ ಬಿಗಿಯುತ್ತದೆ, ನೋಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಳಿಯುವ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಮಂಡಿ ಮೊದಲಿಗಿಂತ ಜಾಸ್ತಿ ಊದಿಕೊಂಡಿದ್ದರೆ ಹಿಂದಿನ ದಿನ ಜಾಸ್ತಿ ಮಾಡಿಸಿದ್ದಾರೆ ಅಂತ ತಿಳಿಯಿರಿ. ವ್ಯಾಯಾಮದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ ಇಡಿ. ನೋವಿನ ಮಾತ್ರೆ ಯಾವ ಹೊತ್ತಿಗೆ ತೆಗೆದುಕೊಂಡರೆ ವ್ಯಾಯಾಮಕ್ಕೆ ಅನುಕೂಲ ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು ಮಾತು. ಫಿಸಿಯೋ ಮನೆಯಲ್ಲಿರುವುದು ದಿನಕ್ಕೆ ಅರ್ಧ ಗಂಟೆ. ಮಂಡಿ ಬದಲಿಸಿದವರಿಗೆ ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ 20ರಿಂದ 30 ನಿಮಿಷ ವ್ಯಾಯಾಮ ಬೇಕಾಗುತ್ತದೆ. ಉಳಿದದ್ದನ್ನು ಅಮ್ಮನೇ ಮಾಡಬೇಕು. ಅದಕ್ಕೇ ಒಳ್ಳೆಯ ಫಿಸಿಯೋ ತಾವು ಮಾಡುವುದಕ್ಕಿಂತ ಕಲಿಸುವುದು ಜಾಸ್ತಿ. ಯಾವ ವ್ಯಾಯಾಮ, ಎಷ್ಟು ಸಲ ಅಂತ ಕಾಗದದಲ್ಲಿ ಬರೆದುಕೊಡುತ್ತಾರೆ. ಮರುದಿನ ಬಂದು ‘ಮಾಡಿ ತೋರಿಸಿ ಅಮ್ಮ’ ಅನ್ನುತ್ತಾರೆ. ಮೆಟ್ಟಿಲಿಗೆ ಕರೆದುಕೊಂಡು ಹೋಗಿ, ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಅಂತ ರೂಢಿ ಮಾಡಿಸುತ್ತಾರೆ. ಬಾತ್‌ರೂಮಿನ ಒದ್ದೆ ನೆಲ ನೋಡಿ ಹಿಡಿಕೆ ಹಾಕಿಸಲು ಹೇಳುತ್ತಾರೆ. ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂರಬಹುದಾ ಅಂತ ಅಮ್ಮ ಕೇಳಿಯೇ ಕೇಳುತ್ತಾರೆ, ಪೂಜೆಗೆ ಕೂರಬೇಕಲ್ಲ. ಅದಕ್ಕೆ ಅವರ ಸರ್ಜನ್ ಹೇಳಿದ ಮಿತಿಯೇ ಮಿತಿ. ಅಲ್ಲಿಯವರೆಗೆ ದೇವರ ಮುಂದೆ ಒಂದು ಕುರ್ಚಿ ಇರಲಿ.

ಈಗ ಬರುತ್ತಿರುವವರನ್ನು ಬಿಡಿಸಿ ಅಂತ ನಾನು ಇಲ್ಲಿಂದಲೇ ಹೇಳಲಾರೆ. ನಾಳೆ ಅವರು ಬಂದಾಗ ಮೆಷಿನ್ ತೆಗೆಯುವ ಮೊದಲೇ ಕೇಳಿ: ‘ಇವತ್ತು ಎಷ್ಟು ಡಿಗ್ರಿ ಮಡಿಯುತ್ತಿದೆ? ಹೋದ ವಾರ ಎಷ್ಟಿತ್ತು?’ ಅವರು ಅಳೆದು ಹೇಳಿದರೆ, ಅಮ್ಮನಿಗೆ ವ್ಯಾಯಾಮ ಬರೆದುಕೊಟ್ಟರೆ, ಅವರೇ ಇರಲಿ. ಉತ್ತರ ಇಲ್ಲದಿದ್ದರೆ ಈ ವಾರವೇ ಬೇರೆಯವರನ್ನು ಹುಡುಕಿ. ಆರನೇ ವಾರಕ್ಕೂ 90 ಡಿಗ್ರಿ ದಾಟದಿದ್ದರೆ ಸರ್ಜನ್‌ಗೆ ತೋರಿಸಿ. ಅರಿವಳಿಕೆ ಕೊಟ್ಟು ಮಂಡಿ ಬಿಡಿಸುವ ದಾರಿ ಅವರಲ್ಲಿದೆ, ಆದರೆ ಮೊದಲ ಮೂರು ತಿಂಗಳೊಳಗೆ ಹೋದವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಅಮ್ಮನಿಗೆ ಇನ್ನೂ ಮೂರೇ ವಾರ ಆಗಿದೆ, ಸಮಯ ಇದೆ.