ಥರ್ಮಲ್ ಪೇಸ್ಟೋ, ಪ್ಯಾಡೋ: ಮೊದಲು ದಪ್ಪ ನೋಡಿ

ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ತರಗತಿಗೆ ಸೇರಿದ ಎರಡನೇ ತಿಂಗಳಿಗೇ ಗದಗದಲ್ಲಿರುವ ಮಾವನ ಝೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ಬಿಚ್ಚುವ ಧೈರ್ಯ ಮಾಡಿದೆ. ಪ್ರೊಸೆಸರ್ ಮೇಲೆ ಒಣಗಿ ಸುಣ್ಣದಂತಾಗಿದ್ದ, ಬಿಸಿ ದಾಟಿಸಲು ಹಚ್ಚುವ ಪೇಸ್ಟನ್ನು ಒರೆಸಿ, ಅದೇ ಕೆಲಸದ್ದೆಂದು ಚೀಲದಲ್ಲಿದ್ದ ಒಂದು ಮಿಲಿಮೀಟರ್ ದಪ್ಪದ ಮೆತ್ತನೆಯ ನೀಲಿ ಪ್ಯಾಡನ್ನು ಕತ್ತರಿಸಿ ಅಂಟಿಸಿದೆ. ಕೈಗೆ ಜಿಗುಟು ಹತ್ತಲಿಲ್ಲ, ಅಂಚಿಗೆ ಅಂಚು ಕೂಡಿತು, ನನ್ನ ಕೆಲಸ ನನಗೇ ಚಂದ ಕಂಡಿತು. ಹತ್ತು ನಿಮಿಷಕ್ಕೆ ಫ್ಯಾನ್ ಕೂಗತೊಡಗಿತು. “ಅಳಿಯ, ಇದು ಕಂಪ್ಯೂಟರೋ, ಹಿಟ್ಟಿನ ಗಿರಣಿಯೋ?” ಎಂದರು ಮಾವ. ಇನ್ನಷ್ಟು ಹೊತ್ತಿಗೆ ಯಂತ್ರ ತಾನಾಗಿಯೇ ಆರಿತು.

ಆದದ್ದೇನೆಂದು ತಿಳಿಯಲು ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ನೋಡಿದರೆ ಸಾಕು. ಹಂಚಿಗೆ ತಾಗಿದ ಭಾಗ ಬೇಯುತ್ತದೆ, ಎದ್ದು ನಿಂತ ಭಾಗ ಹಸಿಯಾಗಿಯೇ ಉಳಿಯುತ್ತದೆ. ಪ್ರೊಸೆಸರ್ ಮತ್ತು ಅದರ ಬಿಸಿಯನ್ನು ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಕಣ್ಣಿಗೆ ನುಣುಪಾಗಿ ಕಂಡರೂ ಎರಡರ ನಡುವೆ ಸಣ್ಣ ತಗ್ಗುಗಳಿರುತ್ತವೆ, ಅಲ್ಲಿ ಗಾಳಿ ಕೂತಿರುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400, ಗಾಳಿಯದು 0.026 (ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್). ಆ ಗಾಳಿಯನ್ನು ಹೊರದಬ್ಬುವುದಷ್ಟೇ ಪೇಸ್ಟ್‌ನ ಕೆಲಸ. ಲೋಹ ಲೋಹಕ್ಕೆ ತಾಗುವಲ್ಲಿ ಪೇಸ್ಟ್ ಇಲ್ಲದಿದ್ದರೇ ಒಳ್ಳೆಯದು.

ಈಗ ಲೆಕ್ಕ. ನಡುವಿನ ಪದರದಲ್ಲಿ ಏರುವ ತಾಪ = ಶಕ್ತಿ × ದಪ್ಪ ÷ (ವಾಹಕತೆ × ವಿಸ್ತೀರ್ಣ). ಪ್ರೊಸೆಸರ್ 65 ವ್ಯಾಟ್, ಅದರ ಮೇಲಿನ ಲೋಹದ ಮುಚ್ಚಳ 9 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ವಾಹಕತೆ 1.5 ಇರುವ ನನ್ನ ಅಗ್ಗದ ಪ್ಯಾಡ್, ಒಂದು ಮಿಲಿಮೀಟರ್ ದಪ್ಪಕ್ಕೆ, 48 ಡಿಗ್ರಿ ಏರಿಸುತ್ತದೆ! ಹೆಚ್ಚು ಹಣ ಕೊಟ್ಟು 12ರದ್ದನ್ನು ತಂದರೂ 6 ಡಿಗ್ರಿ. ವಾಹಕತೆ 4 ಮಾತ್ರ ಇರುವ ಸಾದಾ ಪೇಸ್ಟ್ ಒತ್ತಡಕ್ಕೆ 0.05 ಮಿಲಿಮೀಟರಿಗೆ ಇಳಿದರೆ ಒಂದು ಡಿಗ್ರಿಯೂ ಇಲ್ಲ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವಾಹಕತೆಯನ್ನು ನೋಡಿ ಮರುಳಾಗುವವರು ಮರೆಯುವುದು ಈ ದಪ್ಪವನ್ನೇ. ನಾನೂ ಮರೆತಿದ್ದೆ. ಮೇಲಾಗಿ ಏಪ್ರಿಲ್‌ನಲ್ಲಿ ನಮ್ಮ ಕಡೆ ಅಂಗಡಿಯೊಳಗಿನ ಗಾಳಿಯೇ 35 ಡಿಗ್ರಿ ದಾಟಿರುತ್ತದೆ. ಏರಿಕೆಯೆಲ್ಲ ಅದರ ಮೇಲಿನದು.

ಹಾಗೆಂದು ಪ್ಯಾಡ್ ಕೆಟ್ಟದ್ದಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಮುಖ್ಯ ಚಿಪ್ ಹೀಟ್‌ಸಿಂಕಿಗೆ ತಾಗುತ್ತದೆ, ಸುತ್ತಲಿನ ಮೆಮೊರಿ ಚಿಪ್‌ಗಳು ತಾಗುವುದಿಲ್ಲ. ಆ ಅಂತರವನ್ನು ಪೇಸ್ಟ್ ತುಂಬಲಾರದು, ಅಲ್ಲಿ ಪ್ಯಾಡೇ ಬೇಕು. ಆದರೆ 1 ಮಿಲಿಮೀಟರಿನ ಜಾಗಕ್ಕೆ 2ರದ್ದನ್ನು ತುರುಕಿದರೆ ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್ಪೇ ಬಿಸಿಯಾಗುತ್ತದೆ. ಹಳೆಯದನ್ನು ಅಳೆದೇ ಹೊಸದನ್ನು ತನ್ನಿ.

ಇನ್ನೆರಡು ಬಗೆಗಳಿವೆ. ಗ್ರಾಫೈಟ್ ಹಾಳೆ ತೆಳ್ಳಗಿರುತ್ತದೆ, ಒಣಗುವುದಿಲ್ಲ, ಆದರೆ ವಿದ್ಯುತ್ ಹರಿಸುತ್ತದೆ. ಅಂಚು ಹೊರಚಾಚಿದರೆ ಅಪಾಯ. ಬಿಸಿಗೆ ಕರಗಿ ಹರಡುವ ಫೇಸ್ ಚೇಂಜ್ ಪ್ಯಾಡ್ ಲ್ಯಾಪ್‌ಟಾಪಿಗೆ ಹೇಳಿಮಾಡಿಸಿದಂತಿದೆ. ಅಲ್ಲಿ ಚಿಪ್ ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗುತ್ತ ತೆಳು ಪೇಸ್ಟನ್ನು ಮೆಲ್ಲಗೆ ಅಂಚಿಗೆ ತಳ್ಳಿಬಿಡುತ್ತದೆ.

ಮರುದಿನ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಮುಖಗಳನ್ನು ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಪೇಸ್ಟ್ ಇಟ್ಟು, ನಾಲ್ಕು ಸ್ಕ್ರೂಗಳನ್ನು ಅಡ್ಡಮೂಲೆಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಫ್ಯಾನ್ ಸದ್ದಡಗಿತು. ಉಳಿದಿದ್ದ ನೀಲಿ ಪ್ಯಾಡಿನ ತುಂಡು ಅದೇ ಯಂತ್ರದಲ್ಲಿ ಕಡತಗಳನ್ನು ಕೂಡಿಡುವ ಎಸ್‌ಎಸ್‌ಡಿ ಮತ್ತು ಅದರ ಲೋಹದ ಮುಚ್ಚಳದ ನಡುವೆ ಸೇರಿತು.