ಹೆಗಲ ಮೇಲಿನ ದರ್ಜೆ, ಕೈಯಲ್ಲಿದ್ದ ದಂಡು

ಅಮೆರಿಕದ ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗ ನಡೆದ ಗುಡ್ಡದ ಮೇಲೆ ಜಾರ್ಜ್ ಕಸ್ಟರ್‌ನ ಸ್ಮಾರಕ ಕಲ್ಲಿದೆ. ಹೆಸರಿನ ಕೆಳಗೆ ಎರಡು ದರ್ಜೆಗಳನ್ನು ಕೆತ್ತಿದ್ದಾರೆ. ಮೊದಲು ಬ್ರೆವೆಟ್ ಮೇಜರ್ ಜನರಲ್, ಅದರಡಿ ಲೆಫ್ಟಿನೆಂಟ್ ಕರ್ನಲ್. 1876ರ ಜೂನ್ 25ರಂದು ಅವನು ಸತ್ತಾಗ ಕಾಯಂ ಸೇನೆಯಲ್ಲಿ ಅವನಿಗಿದ್ದದ್ದು ಎರಡನೆಯ ದರ್ಜೆ. ಮೊದಲನೆಯದು ಅಂತರ್ಯುದ್ಧದಲ್ಲಿ ಸಂಪಾದಿಸಿದ ಗೌರವ ಪದವಿ. 7ನೇ ಅಶ್ವದಳದ ಕರ್ನಲ್ ಆಗಿದ್ದವನು ಸ್ಯಾಮ್ಯುಯೆಲ್ ಸ್ಟರ್ಜಿಸ್. ಅವನನ್ನು ಬೇರೆ ಕೆಲಸದ ಮೇಲೆ ದೂರ ಕಳಿಸಲಾಗಿತ್ತು. ಲೆಫ್ಟಿನೆಂಟ್ ಆಗಿದ್ದ ಅವನ ಮಗ ಮಾತ್ರ ಅದೇ ದಂಡಿನಲ್ಲಿದ್ದು ಅಂದೇ ಹತನಾದ.

ಒಂದೇ ದಳ, ಒಂದೇ ದಿನ. ಕರ್ನಲ್ ಊರಲ್ಲಿಲ್ಲ, ದಂಡು ನಡೆಸುತ್ತಿರುವವನು ಲೆಫ್ಟಿನೆಂಟ್ ಕರ್ನಲ್, ಜನರ ಬಾಯಲ್ಲಿ ಅವನು ಜನರಲ್. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಹಳೆಯ ಯುದ್ಧಗಳ ದಾಖಲೆ ಓದುವವರನ್ನು ಹೆಚ್ಚಾಗಿ ಎಡವಿಸುವುದು ಇಂಥ ಅರ್ಧಸತ್ಯಗಳೇ. ದರ್ಜೆ ವ್ಯಕ್ತಿಗೆ ಸೇರಿದ್ದು, ಅಧಿಕಾರ ಹುದ್ದೆಗೆ ಸೇರಿದ್ದು. ಇವೆರಡೂ ಜೊತೆಯಾಗಿ ನಡೆದ ಕಾಲ ಚರಿತ್ರೆಯಲ್ಲಿ ತೀರ ಕಡಿಮೆ.

ದರ್ಜೆಗಳ ಹೆಸರುಗಳು ಹುಟ್ಟಿದ್ದು ಕೆಲಸದಿಂದಲೇ. ಇಟಲಿಯಲ್ಲಿ ದಂಡಿನ ಸಾಲನ್ನು, ಅಂದರೆ ಕೊಲೊನ್ನಾವನ್ನು, ನಡೆಸುವವನು ಕರ್ನಲ್ ಆದ. ಮೇಜರ್ ಲೆಫ್ಟಿನೆಂಟ್‌ಗಿಂತ ಮೇಲಿರುವಾಗ ಲೆಫ್ಟಿನೆಂಟ್ ಜನರಲ್ ಮೇಜರ್ ಜನರಲ್‌ಗಿಂತ ಹೇಗೆ ಮೇಲಾದ ಎಂದು ಅನೇಕರು ಕೇಳುತ್ತಾರೆ. 17ನೇ ಶತಮಾನದಲ್ಲಿ ಮೇಜರ್ ಜನರಲ್ ಹುದ್ದೆಯ ಪೂರ್ಣ ಹೆಸರು ಸಾರ್ಜೆಂಟ್ ಮೇಜರ್ ಜನರಲ್ ಎಂದಿತ್ತು. ಸಾರ್ಜೆಂಟ್ ಎಂಬುದು ಉದುರಿಹೋಯಿತು, ಗೊಂದಲ ಉಳಿಯಿತು. ನೌಕಾಪಡೆಯಲ್ಲಿ ಇನ್ನೊಂದು ತೊಡಕು. ಹಡಗು ನಡೆಸುವವನನ್ನು ಅವನ ದರ್ಜೆ ಏನೇ ಇರಲಿ ಕ್ಯಾಪ್ಟನ್ ಎಂದೇ ಕರೆಯುತ್ತಾರೆ. 1789ರಲ್ಲಿ ಬೌಂಟಿ ಹಡಗಿನಲ್ಲಿ ದಂಗೆ ಎದ್ದಾಗ ಅದರ ಅಧಿಪತಿ ವಿಲಿಯಂ ಬ್ಲೈ ದರ್ಜೆಯಲ್ಲಿ ಬರೀ ಲೆಫ್ಟಿನೆಂಟ್.

ದರ್ಜೆಗೂ ಅಧಿಕಾರಕ್ಕೂ ನಡುವಿನ ಬಿರುಕು ಎಷ್ಟು ನೋಯಿಸಬಲ್ಲದು ಎಂಬುದಕ್ಕೆ 1799ರ ಶ್ರೀರಂಗಪಟ್ಟಣಕ್ಕಿಂತ ಬೇರೆ ಸಾಕ್ಷಿ ಬೇಡ. ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಿದ್ದವನು ಮೇಜರ್ ಜನರಲ್ ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಸೋಲಿನ ನಂತರ ಅವನು ಅದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಕೋಟೆ ಬಿದ್ದ ಮೇಲೆ ಪಟ್ಟಣದ ಆಡಳಿತ ಸಿಕ್ಕಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ. ದರ್ಜೆಯಲ್ಲಿ ಅವನು ಬೇರ್ಡ್‌ಗಿಂತ ಕಿರಿಯ, ಗವರ್ನರ್ ಜನರಲ್‌ನ ತಮ್ಮ. ಬೇರ್ಡ್ ಈ ಅವಮಾನವನ್ನು ಮರೆಯಲಿಲ್ಲ. ದರ್ಜೆಗಳ ಪಟ್ಟಿಯನ್ನು ಮಾತ್ರ ಹಿಡಿದು ಹೊರಟವರಿಗೆ ಈ ಕಥೆ ಅರ್ಥವೇ ಆಗುವುದಿಲ್ಲ.

ಅಂದಿನ ಬ್ರಿಟಿಷ್ ಸೇನೆಯಲ್ಲಿ ಕಾಗದದ ಮೇಲೆಯೇ ಎರಡು ಲೆಕ್ಕಗಳಿದ್ದವು. ಅಧಿಕಾರಿಗಳ ವಾರ್ಷಿಕ ಪಟ್ಟಿಯಲ್ಲಿ ಒಬ್ಬನ ಹೆಸರಿನ ಮುಂದೆ ಎರಡು ಅಂಕಣಗಳು ಕಾಣುತ್ತವೆ. ಒಂದು ರೆಜಿಮೆಂಟಿನೊಳಗಿನ ದರ್ಜೆ, ಇನ್ನೊಂದು ಒಟ್ಟು ಸೇನೆಯಲ್ಲಿನ ದರ್ಜೆ, ಎರಡಕ್ಕೂ ಬೇರೆಬೇರೆ ತಾರೀಖು. ರಾಜನ ಪಾದಾತಿ ಗಾರ್ಡ್ಸ್ ದಳಗಳಲ್ಲಂತೂ ಕ್ಯಾಪ್ಟನ್ ಆದವನು ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಎಂದೇ ಎಣಿಕೆಯಾಗುತ್ತಿದ್ದ. ಈ ಜೋಡಿ ದರ್ಜೆಯೂ, ಹಣ ಕೊಟ್ಟು ಪದವಿ ಕೊಳ್ಳುವ ಪದ್ಧತಿಯೂ ನಿಂತದ್ದು 1871ರಲ್ಲಿ. ಆ ಅಂಕಣಗಳ ಮುಂದೆ ಕುಳಿತು ತಾರೀಖುಗಳನ್ನು ಒಂದೊಂದಾಗಿ ನೋಡುವುದು ಬೇಸರದ ಕೆಲಸವೆಂದು ನನಗೆ ಎಂದೂ ಅನ್ನಿಸಿಲ್ಲ. ಯಾರು ಯಾರಿಗೆ ಆಜ್ಞೆ ಕೊಡಬಹುದಿತ್ತು ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಸಿಗುವುದು ಅಲ್ಲೇ.

ಆದರೂ ತಾರೀಖು ಎಲ್ಲವನ್ನೂ ಹೇಳುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕದನದಲ್ಲಿ, ಉತ್ತರದ ಸೇನಾಪತಿ ಜಾರ್ಜ್ ಮೀಡ್ ಮೇಜರ್ ಜನರಲ್. ಅವನ ಕೈಕೆಳಗಿನ ಕೋರ್‌ಗಳ, ಅಂದರೆ ಹಲವು ಡಿವಿಜನ್ ಸೇರಿದ ದಂಡುಗಳ, ಮುಖ್ಯಸ್ಥರೂ ಮೇಜರ್ ಜನರಲ್‌ಗಳೇ. ಅವರಲ್ಲಿ ಹೆನ್ರಿ ಸ್ಲೋಕಮ್ ನೇಮಕದ ತಾರೀಖಿನ ಪ್ರಕಾರ ಮೀಡ್‌ಗಿಂತ ಹಿರಿಯ. ಕದನಕ್ಕೆ ಮೂರೇ ದಿನ ಮೊದಲು, ಜೂನ್ 28ರಂದು, ಮೀಡ್‌ನನ್ನು ನೇಮಿಸಿದ ಆದೇಶ ಆ ಹಿರಿತನವನ್ನು ಮೀರಿ ನಿಂತಿತು. ಆದೇಶದ ಪ್ರತಿ ಓದದೆ ಪಟ್ಟಿ ಮಾತ್ರ ನೋಡಿದವನು ತಪ್ಪು ಬರೆಯುತ್ತಾನೆ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಅನುವಾದವೇ ಹೊಸ ಬಲೆ. ಎರಡನೇ ಮಹಾಯುದ್ಧದ ಜರ್ಮನಿಯ ಜನರಲ್‌ಮಾಯೋರ್‌ನ ಭುಜಪಟ್ಟಿಯ ಮೇಲೆ ಒಂದು ನಕ್ಷತ್ರವೂ ಇರುತ್ತಿರಲಿಲ್ಲ. ಅಮೆರಿಕದ ಲೆಕ್ಕದಲ್ಲಿ ಅವನು ಬ್ರಿಗೇಡಿಯರ್ ಜನರಲ್‌ಗೆ ಸಮ. ಹೆಸರಿನ ಸದ್ದು ಕೇಳಿ ಮೇಜರ್ ಜನರಲ್ ಎಂದು ಬರೆದುಬಿಟ್ಟರೆ ಅವನಿಗೆ ಒಂದು ಮೆಟ್ಟಿಲು ಪುಕ್ಕಟೆ ಬಡ್ತಿ ಸಿಕ್ಕಂತೆ.

ಸೋವಿಯತ್ ಕಡತಗಳು ಇನ್ನೂ ಕಠಿಣ. 1917ರ ಡಿಸೆಂಬರಿನಲ್ಲಿ ಬೊಲ್ಶೆವಿಕರು ದರ್ಜೆಗಳನ್ನೇ ರದ್ದು ಮಾಡಿದರು. ಉಳಿದದ್ದು ಹುದ್ದೆಯ ಹೆಸರು: ಬ್ರಿಗೇಡ್ ನಡೆಸುವವನು ಕೊಂಬ್ರಿಗ್, ಡಿವಿಜನ್ ನಡೆಸುವವನು ಕೊಮ್ದಿವ್. 1935ರಲ್ಲಿ ಅವೇ ಹೆಸರುಗಳನ್ನು ವೈಯಕ್ತಿಕ ದರ್ಜೆಗಳಾಗಿ ಮಾಡಲಾಯಿತು. ಹಾಗಾಗಿ 1930ರ ಕಾಗದದಲ್ಲಿ ಕೊಂಬ್ರಿಗ್ ಎಂದರೆ ಆ ಮನುಷ್ಯ ಮಾಡುತ್ತಿದ್ದ ಕೆಲಸ, 1938ರ ಕಾಗದದಲ್ಲಿ ಅವನ ಪದವಿ. ಪದ ಒಂದೇ, ಅಕ್ಷರವೂ ಬದಲಾಗಿಲ್ಲ. 1940ರಲ್ಲಿ ಜನರಲ್ ಎಂಬ ಹೆಸರು ಮರಳಿ ಬಂದಾಗ ಕೊಂಬ್ರಿಗ್‌ಗಳನ್ನು ಒಬ್ಬೊಬ್ಬರನ್ನಾಗಿ ಮರುಪರಿಶೀಲಿಸಿದರು. ಕೆಲವರು ಮೇಜರ್ ಜನರಲ್ ಆದರು, ಕೆಲವರು ಕರ್ನಲ್ ದರ್ಜೆಗೆ ಇಳಿದರು. ಯಾರು ಎತ್ತ ಹೋದರೆಂದು ತಿಳಿಯಲು ಪ್ರತಿಯೊಬ್ಬನ ಸೇವಾ ಕಡತವನ್ನು ಬಿಚ್ಚಿ ನೋಡಲೇಬೇಕು.