ಮಾನ್ಯತೆ ಇಲ್ಲವೆಂದರೆ ಅಪರಾಧವೇ? ಸಲಿಂಗ ವಿವಾಹದ ಬಗ್ಗೆ ತರಗತಿಯಲ್ಲಿ ಏನು ಹೇಳಬೇಕು

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಮೂಲಭೂತ ಹಕ್ಕುಗಳ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು, "ಸಲಿಂಗ ವಿವಾಹಕ್ಕೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲವಲ್ಲ, ಹಾಗಾದರೆ ಅದು ಅಪರಾಧವೇ?" ಎಂದು ಕೇಳುತ್ತಾರೆ. ಹೇಗೆ ವಿವರಿಸಲಿ?

ಉತ್ತರ: ಅಪರಾಧವಲ್ಲ ಎಂಬುದನ್ನು ಮೊದಲ ಮಾತಿನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ. ವಯಸ್ಕರಿಬ್ಬರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ವ್ಯಾಪ್ತಿಯಿಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2018ರ ಸೆಪ್ಟೆಂಬರ್ 6ರಂದು ಹೊರಗಿಟ್ಟಿತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ.

ಮದುವೆಯ ಪ್ರಶ್ನೆ ಬೇರೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಸಲಿಂಗ ಜೋಡಿಗಳಿಗೂ ಅವಕಾಶ ಬೇಕೆಂದು ಕೋರಿದ್ದ ಅರ್ಜಿಗಳ ಕುರಿತು 2023ರ ಅಕ್ಟೋಬರ್ 17ರಂದು ತೀರ್ಪು ನೀಡಿದ ಐವರು ನ್ಯಾಯಮೂರ್ತಿಗಳೂ, ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, ಕಾನೂನು ಬದಲಿಸುವುದು ಶಾಸನಸಭೆಯ ಕೆಲಸ ಎಂದರು. ಅಂಥ ಜೋಡಿಗಳ ಸಂಬಂಧಕ್ಕೆ ಕಾನೂನಿನ ಮನ್ನಣೆ ಪಡೆಯುವ ಹಕ್ಕಿದೆ ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೇಳಿದರಾದರೂ ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು. ಆದರೆ ಪತ್ರಿಕೆಗಳ ತಲೆಬರಹದಲ್ಲಿ ಕಾಣದೆ ಹೋದ ಮಾತೊಂದಿದೆ: ಸಲಿಂಗ ಜೋಡಿಗಳು ಒಟ್ಟಿಗೆ ಬಾಳುವುದಕ್ಕೆ ಯಾರೂ ಅಡ್ಡಿಪಡಿಸಬಾರದು, ಅವರ ಮೇಲೆ ಹಿಂಸೆ, ಬಲವಂತ ನಡೆಯದಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು ಬಹುಮತದ ತೀರ್ಪೇ ಹೇಳಿದೆ.

ಮಾನ್ಯತೆ ಇಲ್ಲದಿರುವುದಕ್ಕೂ ನಿಷೇಧಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಮನದಟ್ಟಾಗಲು ನಿಮ್ಮ ಜಿಲ್ಲೆಯಲ್ಲೇ ಒಳ್ಳೆಯ ದಾರಿಯಿದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಸರಳ ವಿವಾಹ ಪದ್ಧತಿಯಾದ ಮಂತ್ರಮಾಂಗಲ್ಯದ ಹೆಸರು ನಿಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಗೊತ್ತಿರುತ್ತದೆ. ಮದುವೆಯನ್ನು ಎಷ್ಟೇ ಸರಳವಾಗಿ ಮಾಡಿಕೊಂಡರೂ ವಿವಾಹ ಪ್ರಮಾಣಪತ್ರ ಬೇಕಿದ್ದರೆ ನೋಂದಣಿ ಮಾಡಿಸಲೇಬೇಕು ಎಂಬುದನ್ನು ತೋರಿಸಿ, ಇಬ್ಬರು ಹೆಂಗಸರು ಮನೆಯಲ್ಲಿ ಹಾರ ಬದಲಿಸಿಕೊಂಡರೆ ಅದು ತಪ್ಪಲ್ಲ, ಆದರೆ ಅವರಿಗೆ ಆ ಪ್ರಮಾಣಪತ್ರ ಸಿಗದು ಎಂದು ವಿವರಿಸಿ. ಆಮೇಲೆ ಆ ಕಾಗದವಿಲ್ಲದೆ ಏನೇನು ಕೈತಪ್ಪುತ್ತದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಆ ಹೆಂಗಸರಲ್ಲೊಬ್ಬಳು ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡರೆ ಇನ್ನೊಬ್ಬಳಿಗೆ ಕುಟುಂಬ ಪಿಂಚಣಿಯಿಲ್ಲ, ಅನುಕಂಪದ ನೌಕರಿಯಿಲ್ಲ. ಉಯಿಲು ಬರೆದಿಡದಿದ್ದರೆ, ಇಬ್ಬರೂ ದುಡಿದು ಕಟ್ಟಿದ ಮನೆಯೇ ಆಗಿದ್ದರೂ ಸತ್ತವಳ ಹೆಸರಿನಲ್ಲಿದ್ದದ್ದು ಅವಳ ತವರಿನವರ ಪಾಲಾಗುತ್ತದೆ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದೂ, ಪಡಿತರ ಚೀಟಿಗೆ ಅಂಥ ಜೋಡಿಯನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದೂ ಕೇಂದ್ರ ಸರ್ಕಾರ 2024ರಲ್ಲಿ ಸ್ಪಷ್ಟಪಡಿಸಿತು. ಇದು ಸಣ್ಣ ಹೆಜ್ಜೆಯಲ್ಲ, ಆದರೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಾರತಮ್ಯದ ವಿಚಾರಕ್ಕೆ ಮದುವೆಯ ತೀರ್ಪನ್ನು ಎಳೆದು ತರಲು ಬಿಡಬೇಡಿ. ಸಂವಿಧಾನದ 15ನೇ ವಿಧಿಯ ರಕ್ಷಣೆ ಲೈಂಗಿಕ ಪ್ರವೃತ್ತಿಗೂ ಅನ್ವಯಿಸುತ್ತದೆ ಎಂಬ 2018ರ ತೀರ್ಪಿನ ಮಾತು ಹಾಗೆಯೇ ಇದೆ. ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗೆ ಶಿಕ್ಷಣ ಸಂಸ್ಥೆ ತಾರತಮ್ಯ ಮಾಡುವುದನ್ನು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ ಕಾಯ್ದೆ ನಿಷೇಧಿಸಿದೆ. ನಿಮ್ಮ ವಿದ್ಯಾರ್ಥಿಗಳು ಮುಂದೆ ಪದವಿಗೆ ಹೋದಾಗ, ಲೈಂಗಿಕ ಪ್ರವೃತ್ತಿಯನ್ನು ಮುಂದಿಟ್ಟು ಸಹಪಾಠಿಯನ್ನು ಹೀಯಾಳಿಸುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರ‍್ಯಾಗಿಂಗ್ ವಿರೋಧಿ ನಿಯಮಗಳ 2016ರ ತಿದ್ದುಪಡಿಯಂತೆ ರ‍್ಯಾಗಿಂಗ್ ಆಗುತ್ತದೆ.

ಈ ವಿಷಯದ ಮೇಲೆ "ಬೇಕೋ ಬೇಡವೋ" ಎಂಬ ಚರ್ಚಾಸ್ಪರ್ಧೆ ಏರ್ಪಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ತನ್ನ ಬದುಕಿಗೆ ಎಷ್ಟು ಕೈಗಳು ಎದ್ದವು ಎಂದು ಹಿಂದಿನ ಬೆಂಚಿನಲ್ಲಿ ಕೂತು ಎಣಿಸುವ ಪಾಡು ಯಾವ ಮಗುವಿಗೂ ಬರಬಾರದು. ಅದರ ಬದಲು ತೀರ್ಪಿನ ಎರಡು ಬಣಗಳ ವಾದವನ್ನು ಓದಿಸಿ, ಕಾನೂನು ಬದಲಿಸುವ ಹೊಣೆ ಯಾರದು ಎಂಬುದನ್ನು ಚರ್ಚೆಗಿಡಿ. ಪೋಷಕರು ಬಂದು ವಿಚಾರಿಸಿದರೆ ಪಾಠದಲ್ಲಿ ಹೇಳಿದ ವಿಧಿ, ತೀರ್ಪುಗಳನ್ನೇ ಅವರ ಮುಂದಿಡಿ.

ಪಾಠ ಮುಗಿದ ಮೇಲೆ ಯಾರಾದರೂ ಒಬ್ಬರೇ ಬಂದು ತಮ್ಮ ವಿಚಾರ ಹೇಳಿಕೊಳ್ಳಬಹುದು. ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ತನ್ನ ಮನಸ್ಸು ಹೀಗಿದೆ ಎಂದಷ್ಟೇ ಹೇಳಿದ್ದರೆ, ಆ ಮಗುವಿನ ಒಪ್ಪಿಗೆಯಿಲ್ಲದೆ ಮನೆಗೂ ಸಿಬ್ಬಂದಿ ಕೊಠಡಿಗೂ ಮುಟ್ಟಿಸಬೇಡಿ. "ಸರಿಪಡಿಸುತ್ತೇವೆ" ಎನ್ನುವ ವೈದ್ಯರ ಬಳಿಗೆ ಕಳಿಸಲೂಬೇಡಿ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮನಸ್ಸಿನ ನೋವಿಗೆ ನೆರವು ಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.